ಕರೆಯೂ ಕಡ್ಡಾಯವೂ

ದೇಶವನ್ನು ಕಾಯುವುದು ಯಾರ ಕೆಲಸ? ಈ ಪ್ರಶ್ನೆಯನ್ನು ಕೇಳಿದೊಡನೆ 'ಸೈನಿಕರ ಕೆಲಸ' ಎಂಬ ಉತ್ತರ ಬರುತ್ತದೆ. ಆದರೆ ಆ ಸೈನಿಕನಾದರೂ ಯಾರು? ಅವನು ಆಕಾಶದಿಂದ ಇಳಿದು ಬಂದವನಲ್ಲ. ಯಾವುದೋ ಒಂದು ಊರಿನ, ಯಾವುದೋ ಒಂದು ಮನೆಯ ಮಗ. ಈಚಿನ ದಿನಗಳಲ್ಲಿ ಮಗಳೂ ಹೌದು. ಸ್ವತಂತ್ರ ಭಾರತದಲ್ಲಿ ಸೈನ್ಯಕ್ಕೆ ಸೇರುವವರೆಲ್ಲರೂ ತಾವಾಗಿಯೇ ಮುಂದೆ ಬಂದು ಸೇರುತ್ತಾರೆ. ಇಷ್ಟವಿಲ್ಲದ ತರುಣನನ್ನು ಕಾನೂನಿನ ಬಲದಿಂದ ಸೈನ್ಯಕ್ಕೆ ಸೇರಿಸುವ ಪದ್ಧತಿ ಇಲ್ಲಿಲ್ಲ. ಎಲ್ಲ ದೇಶಗಳಲ್ಲಿಯೂ ಹೀಗಿಲ್ಲ. ದಕ್ಷಿಣ ಕೊರಿಯ, ಇಸ್ರೇಲ್, ಸಿಂಗಪುರ ಮೊದಲಾದ ಕಡೆಗಳಲ್ಲಿ ವಯಸ್ಸಿಗೆ ಬಂದ ಯುವಕರು ಕೆಲವು ಕಾಲ ಸೈನ್ಯದಲ್ಲಿ ದುಡಿಯಲೇಬೇಕು. ಸ್ವೀಡನ್ ದೇಶವು 2010ರಲ್ಲಿ ಕೈಬಿಟ್ಟಿದ್ದ ಕಡ್ಡಾಯ ಸೇವೆಯನ್ನು 2017ರಲ್ಲಿ ಮತ್ತೆ ಜಾರಿಗೆ ತಂದಿತು. ಭಾರತದಲ್ಲಿಯೂ 'ಎಲ್ಲ ತರುಣರಿಗೂ ಸೈನಿಕ ಸೇವೆ ಕಡ್ಡಾಯವಾಗಬೇಕು' ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತನ್ನು ಆಡುವುದು ಸುಲಭ. ಅಂಥ ಆಜ್ಞೆ ನಿಜವಾಗಿಯೂ ಬಂದರೆ ಜನ ಅದನ್ನು ಹೇಗೆ ಸ್ವೀಕರಿಸಿಯಾರು ಎಂದು ಯೋಚಿಸುವುದು ಕಷ್ಟ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಅರೇಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಲೆನಾಡಿನ ಸೆರಗಿನಲ್ಲಿರುವ ಈ ಊರು ಕಾಫಿ ಮೆಣಸುಗಳಿಂದ ಬದುಕುತ್ತದೆ. ತೋಟವುಳ್ಳವರೂ ತೋಟದಲ್ಲಿ ದುಡಿಯುವವರೂ, ಹಲವು ಜಾತಿ ಮತಗಳವರೂ, ಹಲವು ಮನೆಮಾತಿನವರೂ ಇಲ್ಲಿ ಒಟ್ಟಿಗೆ ಬಾಳುತ್ತಾರೆ. ಒಂದು ದಿನ ಬೆಳಿಗ್ಗೆ ಇಲ್ಲಿನ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಒಂದು ಪ್ರಕಟಣೆ ಕಾಣಿಸಿತೆಂದು ಕಲ್ಪಿಸಿಕೊಳ್ಳಲಿ: 'ಹದಿನೆಂಟು ವರ್ಷ ತುಂಬಿದ ಯುವಕರೆಲ್ಲರೂ ಎರಡು ವರ್ಷ ಸೈನ್ಯದಲ್ಲಿ ಸೇವೆ ಸಲ್ಲಿಸತಕ್ಕದ್ದು.'

ಪ್ರಕಟಣೆ ಒಂದೇ, ಆದರೆ ಅದನ್ನು ಓದುವ ಕಣ್ಣುಗಳು ಹಲವು. ಸೈನ್ಯದ ಭರ್ತಿಗೆಂದು ದಿನವೂ ನಸುಕಿನಲ್ಲಿ ಓಡುವ ಹುಡುಗನೊಬ್ಬನಿಗೆ ಅದು ಹಬ್ಬದ ಸುದ್ದಿ. ಕೂಲಿ ಲೈನಿನ ತಾಯಿಯೊಬ್ಬಳಿಗೆ ಅದೇ ಸುದ್ದಿ ಸಿಡಿಲು. ಗಂಡನಿಲ್ಲದ ಆ ಮನೆಯಲ್ಲಿ ದುಡಿಯುವ ಮಗ ಅವನೊಬ್ಬನೇ. ಕಾಫಿ ಕುಯ್ಲಿನ ಕಾಲದಲ್ಲಿ ಅವನು ಹೊರಟುಹೋದರೆ ಒಲೆ ಉರಿಯುವುದು ಹೇಗೆ? ಬೆಂಗಳೂರಿನಲ್ಲಿ ಮಗನನ್ನು ಎಂಜಿನಿಯರಿಂಗ್ ಓದಿಸುತ್ತಿರುವ ತೋಟದ ಮಾಲೀಕನೊಬ್ಬನು ವಿನಾಯಿತಿ ದೊರಕಿಸಿಕೊಡಬಲ್ಲ ಪರಿಚಯಸ್ಥರು ಯಾರಾದರೂ ಇರುವರೇ ಎಂದು ಎಣಿಸತೊಡಗುತ್ತಾನೆ. 'ಪ್ರಾಣ ತೆಗೆಯುವುದು ಪಾಪವೆಂದು ನಂಬಿದವನು ಬಂದೂಕು ಹಿಡಿಯುವುದೆಂತು?' ಎಂದು ಇನ್ನೊಬ್ಬ ತರುಣ ಚಿಂತಿಸುತ್ತಾನೆ. 'ಯುವಕರೆಲ್ಲರೂ ಎಂದಿದೆ, ಯುವತಿಯರು ಈ ದೇಶದವರಲ್ಲವೆ?' ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳುತ್ತಾಳೆ. ಸೈನ್ಯದಿಂದ ನಿವೃತ್ತನಾಗಿ ಬಂದ ಹವಾಲ್ದಾರನು ಎಲ್ಲವನ್ನೂ ಕೇಳಿ, 'ಒಲ್ಲದವನನ್ನು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಕಾವಲು ಕಾಯುವುದು ಹೇಗಿರುತ್ತದೆಂದು ನಿಮಗೆ ತಿಳಿಯದು' ಎಂದು ಸುಮ್ಮನಾಗುತ್ತಾನೆ.

ಇವರಲ್ಲಿ ದೇಶದ್ರೋಹಿ ಯಾರು? ಯಾರೂ ಅಲ್ಲ. ಹೇಡಿ ಯಾರು? ಆ ಮಾತನ್ನೂ ಅವಸರದಲ್ಲಿ ಆಡಲಾಗದು. ಒಂದೇ ಆಜ್ಞೆ ಬೇರೆಬೇರೆ ಮನೆಗಳ ಮೇಲೆ ಬೇರೆಬೇರೆ ಭಾರವಾಗಿ ಬೀಳುತ್ತದೆ ಎಂಬುದಷ್ಟೇ ಇದರಿಂದ ತಿಳಿಯುವುದು. ಆದುದರಿಂದ 'ಜನ ಒಪ್ಪುತ್ತಾರೆಯೇ?' ಎಂದು ಕೇಳುವ ಮೊದಲು 'ಯಾವ ನಿಯಮದ ಮೇಲೆ, ಯಾವ ನ್ಯಾಯದ ಮೇಲೆ ಕೇಳಲಾಗುತ್ತಿದೆ?' ಎಂದು ವಿಚಾರಿಸಬೇಕಾಗುತ್ತದೆ.

ಈ ವಿಚಾರ ಆ ಸೀಮೆಗೆ ಹೊಸದೇನೂ ಅಲ್ಲ. ಬೇಲೂರು ತಾಲ್ಲೂಕಿನಲ್ಲಿಯೇ ಹಲ್ಮಿಡಿ ಎಂಬ ಗ್ರಾಮವಿದೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಅಲ್ಲಿನ ಶಾಸನವು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಅದರ ಕಾಲ ಸುಮಾರು ಕ್ರಿ.ಶ. 450. ಕನ್ನಡ ಭಾಷೆಯ ಹಿರಿಮೆಗಾಗಿ ಎಲ್ಲರೂ ಅದನ್ನು ಸ್ಮರಿಸುತ್ತಾರೆ. ಆದರೆ ಅದರೊಳಗಿನ ವಿಷಯವೇನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬ ವೀರನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಗ್ರಾಮಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟ ಸಂಗತಿ. ವೀರನ ಕತ್ತಿಯನ್ನು ತೊಳೆದು ಗೌರವಿಸಿ ಕೊಡುವ ದತ್ತಿಗೆ ಆ ಹೆಸರು. ಕನ್ನಡದ ಮೊದಲ ಬರಹಗಳಲ್ಲೊಂದು, ದೇಶಕ್ಕಾಗಿ ಹೋರಾಡಿದವನಿಗೆ ದೇಶ ಏನು ಕೊಡಬೇಕು ಎಂಬುದನ್ನು ಕುರಿತದ್ದು.

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಿನ ಊರುಗಳಲ್ಲಿ ವೀರಗಲ್ಲುಗಳನ್ನು ಕಾಣಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಸಾಮಾನ್ಯವಾಗಿ ವೀರಗಲ್ಲಿನ ರಚನೆ ಹೀಗೆ. ಅವುಗಳಲ್ಲಿ ಎಲ್ಲವೂ ದೊಡ್ಡ ದಂಡಯಾತ್ರೆಗಳ ಕಥೆಗಳಲ್ಲ. ಊರಿನ ದನಗಳನ್ನು ಶತ್ರುಗಳು ಅಟ್ಟಿಕೊಂಡು ಹೋದಾಗ, ಹೆಂಗಸರ ಮಾನಕ್ಕೆ ಕುಂದು ಬಂದಾಗ, ಊರಿಗೆ ಊರೇ ಸೂರೆಹೋಗುವ ಸಮಯದಲ್ಲಿ ಅಡ್ಡ ನಿಂತು ಸತ್ತವರ ನೆನಪಿಗೂ ಇಂಥ ಕಲ್ಲುಗಳು ನಿಂತಿವೆ. ಹೀಗೆ ಸತ್ತವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿಯೂ ಇತ್ತು. ಅದನ್ನು 'ನೆತ್ತರುಗೊಡಗೆ' ಎನ್ನುತ್ತಿದ್ದರು. ಹೋರಾಡಿದವನು ತನ್ನ ಕಣ್ಣ ಮುಂದಿನ ಊರಿಗಾಗಿ ಹೋರಾಡಿದನು. ಊರು ಅವನ ಮಕ್ಕಳನ್ನು ಕೈಬಿಡಲಿಲ್ಲ. ಇದು ಇಬ್ಬರ ನಡುವಿನ ಒಪ್ಪಂದ.

ಇದಕ್ಕಿಂತ ಭಿನ್ನವಾದ ಚಿತ್ರವೊಂದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿದೆ. ಅಲ್ಲಿನ ಗರುಡಗಂಬವು ಎರಡನೆಯ ವೀರಬಲ್ಲಾಳನ ಆಪ್ತನಾಗಿದ್ದ ಕುವರ ಲಕ್ಷ್ಮನ ಸ್ಮಾರಕ. ಒಡೆಯನ ನಂತರ ಬದುಕಿರೆವು ಎಂದು ಪ್ರತಿಜ್ಞೆ ಮಾಡಿದ 'ಗರುಡ'ರಲ್ಲಿ ಅವನೊಬ್ಬನು. ಬಲ್ಲಾಳನು ತೀರಿಕೊಂಡಾಗ ಕುವರ ಲಕ್ಷ್ಮನೂ ಅವನ ಪತ್ನಿ ಸುಗ್ಗಲದೇವಿಯೂ ಅವರ ಸಂಗಡದ ವೀರರೂ ಪ್ರಾಣಾರ್ಪಣೆ ಮಾಡಿದರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಚಿತ್ರಗಳು ಆ ಕಂಬದ ಮೇಲಿವೆ. ನೋಡುವವರ ಮೈ ನಡುಗುತ್ತದೆ. ಆ ನಿಷ್ಠೆ ಅಸಾಧಾರಣವಾದುದು, ನಿಜ. ಆದರೆ ಅದು ಒಬ್ಬ ದೊರೆಗೆ ಅರ್ಪಿಸಿದ ನಿಷ್ಠೆ. ಪ್ರಜಾರಾಜ್ಯವು ಪ್ರಜೆಗಳಿಂದ ಅಂಥದನ್ನು ಕೇಳಲಾರದು, ಕೇಳಲೂಬಾರದು. ಪ್ರಜಾರಾಜ್ಯದಲ್ಲಿ ಒಡೆಯ ಯಾರು? ಪ್ರಜೆಯೇ. ಅವನ ತಲೆಯನ್ನು ಬೇಡುವ ಮುನ್ನ ಅವನ ತಲೆಗೆ ಒಪ್ಪುವಂಥ ಕಾರಣವನ್ನು ಕೊಡಬೇಕು.

ಹಳೆಯ ಆಳ್ವಿಕೆಗಳಲ್ಲಿ ಇನ್ನೊಂದು ಬಗೆಯ ಸೇವೆಯೂ ಇತ್ತು. ಅದರ ಹೆಸರು ಬಿಟ್ಟಿ. ಅಧಿಕಾರಿ ಊರಿಗೆ ಬಂದರೆ ಅವನ ಗಂಟು ಹೊರಬೇಕು, ಗಾಡಿ ಹೂಡಬೇಕು, ಕೂಲಿ ಕೇಳುವಂತಿಲ್ಲ. ಈ ಭಾರ ಬೀಳುತ್ತಿದ್ದುದು ಉಳ್ಳವರ ಹೆಗಲ ಮೇಲಲ್ಲ. ಅದರ ನೋವು ಎಷ್ಟು ಆಳವಾಗಿತ್ತೆಂದರೆ, ಬೆಲೆಯಿಲ್ಲದ್ದನ್ನೆಲ್ಲ ಇಂದಿಗೂ ಕನ್ನಡಿಗರು 'ಬಿಟ್ಟಿ' ಎಂದೇ ಕರೆಯುತ್ತಾರೆ.

ಭಾರತದ ಸಂವಿಧಾನವನ್ನು ರಚಿಸಿದವರು ಈ ಎರಡನ್ನೂ ಬಲ್ಲವರಾಗಿದ್ದರು. ಸಂವಿಧಾನದ 23ನೆಯ ಅನುಚ್ಛೇದದ ಮೊದಲ ಭಾಗವು ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. ಅದೇ ಅನುಚ್ಛೇದದ ಎರಡನೆಯ ಭಾಗವು, ಸಾರ್ವಜನಿಕ ಉದ್ದೇಶಗಳಿಗಾಗಿ ರಾಜ್ಯವು ಕಡ್ಡಾಯ ಸೇವೆಯನ್ನು ವಿಧಿಸಬಹುದೆಂದು ಹೇಳುತ್ತದೆ. ಆದರೆ ಒಂದು ಕಟ್ಟುಪಾಡು: ಹಾಗೆ ವಿಧಿಸುವಾಗ ಧರ್ಮ, ಜನಾಂಗ, ಜಾತಿ, ವರ್ಗಗಳ ಕಾರಣಕ್ಕಾಗಿ ಯಾವ ತಾರತಮ್ಯವನ್ನೂ ಮಾಡಕೂಡದು. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, ಕರೆ ಬಂದಾಗ ದೇಶವನ್ನು ರಕ್ಷಿಸುವುದೂ ರಾಷ್ಟ್ರಸೇವೆ ಸಲ್ಲಿಸುವುದೂ ಒಂದು. ಬಿಟ್ಟಿಗೂ ರಾಷ್ಟ್ರಸೇವೆಗೂ ನಡುವಣ ಗೆರೆ ಯಾವುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಭಾರವನ್ನು ಎಲ್ಲರೂ ಹೊತ್ತರೆ ಅದು ಸೇವೆ. ಕೆಲವರು ಹೊತ್ತು ಕೆಲವರು ನೋಡುತ್ತ ನಿಂತರೆ ಅದು ಬಿಟ್ಟಿ.

ಕರೆ ಕೊಟ್ಟವರು ದೊಡ್ಡವರಾದ ಮಾತ್ರಕ್ಕೆ ಜನ ಓಗೊಡುವುದಿಲ್ಲ. ಇದಕ್ಕೆ 1918ರ ಒಂದು ಘಟನೆ ಸಾಕ್ಷಿ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ ಗಾಂಧೀಜಿಯವರು ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಹೊರಟರು. ಅದೇ ವರ್ಷ ಅದೇ ಜಿಲ್ಲೆಯ ರೈತರು ಕಂದಾಯದ ಸತ್ಯಾಗ್ರಹದಲ್ಲಿ ಅವರ ಬೆನ್ನಿಗೆ ನಿಂತಿದ್ದರು. ಕೇಳದೆಯೇ ಗಾಡಿಗಳನ್ನು ಕೊಟ್ಟಿದ್ದರು. ಈ ಸಲ ಬಾಡಿಗೆಗೂ ಗಾಡಿ ದೊರೆಯುವುದು ಕಷ್ಟವಾಯಿತು. ಗಾಂಧೀಜಿ ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋದರು. 'ಅಹಿಂಸೆಯನ್ನು ಬೋಧಿಸುವವರು ಆಯುಧ ಹಿಡಿಯಿರೆಂದು ಹೇಳಬಹುದೆ? ಈ ಸರ್ಕಾರ ಈ ದೇಶಕ್ಕೆ ಮಾಡಿದ ಉಪಕಾರವಾದರೂ ಏನು?' ಎಂಬ ಅರ್ಥದ ಪ್ರಶ್ನೆಗಳನ್ನು ಜನ ಅವರಿಗೆ ಕೇಳಿದರು. ಸೇರಲು ಮುಂದೆ ಬಂದವರು ಕೆಲವರೇ. ಖೇಡಾದ ರೈತರು ಹೇಡಿಗಳಾಗಿರಲಿಲ್ಲ. ಕಂದಾಯದ ವಿಷಯದಲ್ಲಿ ಜಮೀನು ಜಪ್ತಿಯಾದರೂ ಅಳುಕದವರು. ಆ ಹೋರಾಟ ತಮ್ಮದೆಂದು ಅವರಿಗೆ ತೋರಿತ್ತು. ಈ ಯುದ್ಧ ಹಾಗೆ ತೋರಲಿಲ್ಲ.

ಅದೇ 1918ರ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಪಡೆ ಜೋಧಪುರದ ಪಡೆಯೊಡನೆ ಹೈಫಾ ಪಟ್ಟಣವನ್ನು ಗೆದ್ದಿತು. ಭರ್ಜಿ ಹಿಡಿದ ರಾವುತರು ಫಿರಂಗಿ, ಮಷಿನ್‌ಗನ್ನುಗಳನ್ನು ಎದುರಿಸಿ ನುಗ್ಗಿದ ಆ ಸಾಹಸವನ್ನು ಇಂದಿಗೂ ಸ್ಮರಿಸಲಾಗುತ್ತದೆ. ಅವರು ಸೈನಿಕ ವೃತ್ತಿಯನ್ನು ಆರಿಸಿಕೊಂಡವರು, ಅದರಲ್ಲಿ ಪಳಗಿದವರು. ಮನಸ್ಸಿದ್ದವನ ಕೈಯಲ್ಲಿ ಆಯುಧಕ್ಕೆ ಬೇರೆಯೇ ಹರಿತ ಬರುತ್ತದೆ.

ಸ್ವತಂತ್ರ ಭಾರತವೂ ಒಮ್ಮೆ ಕಡ್ಡಾಯದ ಹೊಸ್ತಿಲವರೆಗೆ ಹೋಗಿ ಬಂದಿತು. 1962ರ ಅಕ್ಟೋಬರಿನಲ್ಲಿ ಚೀನಾ ಸೈನ್ಯವು ಗಡಿ ದಾಟಿ ನುಗ್ಗಿದಾಗ ದೇಶದ ಜನ ಯಾರ ಆಜ್ಞೆಗೂ ಕಾಯಲಿಲ್ಲ. ಹೆಂಗಸರು ಮೈಮೇಲಿನ ಒಡವೆಗಳನ್ನು ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ತರುಣರು ಭರ್ತಿ ಕಚೇರಿಗಳ ಮುಂದೆ ಸಾಲುಗಟ್ಟಿದರು. ಆ ಯುದ್ಧದ ನಂತರ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ತರಬೇತಿಯನ್ನು ಕಡ್ಡಾಯ ಮಾಡಲಾಯಿತು. ಅದು ಯುದ್ಧರಂಗದ ಸೇವೆಯಲ್ಲ, ಕವಾಯತು ಮತ್ತು ಶಿಸ್ತಿನ ತರಬೇತಿ ಮಾತ್ರ. ಆದರೂ ಆ ಕಡ್ಡಾಯ ಬಹಳ ಕಾಲ ನಿಲ್ಲಲಿಲ್ಲ. 1968ರಲ್ಲಿ ಎನ್.ಸಿ.ಸಿ.ಯನ್ನು ಮತ್ತೆ ಐಚ್ಛಿಕಗೊಳಿಸಲಾಯಿತು. ಮರುವರ್ಷ, ಗಾಂಧೀಜಿಯವರ ಶತಮಾನೋತ್ಸವದ ಸಮಯದಲ್ಲಿ, ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಇಂದು ಎನ್.ಸಿ.ಸಿ. ಸಮವಸ್ತ್ರವನ್ನು ಹುಡುಗ ಹುಡುಗಿಯರು ತಾವಾಗಿ ಬಯಸಿ ತೊಡುತ್ತಾರೆ. ಬಯಸಿ ತೊಟ್ಟ ಉಡುಪು ಹೆಮ್ಮೆ ತರುತ್ತದೆ.

ಹೊರದೇಶಗಳ ಅನುಭವವೂ ಗಮನಿಸತಕ್ಕದ್ದು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಉತ್ತರದ ರಾಜ್ಯಗಳು ಕಡ್ಡಾಯ ಸೈನಿಕ ಸೇವೆಯ ಕಾನೂನು ಮಾಡಿದವು. ಆದರೆ ಮುನ್ನೂರು ಡಾಲರು ಕಟ್ಟಿದವನು ಅಥವಾ ತನ್ನ ಬದಲಿಗೆ ಇನ್ನೊಬ್ಬನನ್ನು ಕಳುಹಿಸಿದವನು ಮನೆಯಲ್ಲಿರಬಹುದಿತ್ತು. ಕೂಲಿಕಾರರಿಗೆ ಅದು ಕೈಗೆಟುಕದ ಹಣ. 'ಇದು ಧನಿಕರ ಯುದ್ಧ, ಬಡವರ ಕಾಳಗ' ಎಂಬ ಕಹಿ ಎಲ್ಲೆಡೆ ಹಬ್ಬಿತು. ನ್ಯೂಯಾರ್ಕ್ ನಗರದಲ್ಲಿ ದೊಡ್ಡ ದಂಗೆಯೆದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದಂಗೆಯ ರೋಷವು ಕಾನೂನು ಮಾಡಿದವರನ್ನು ಬಿಟ್ಟು, ಏನೂ ಅರಿಯದ ಕಪ್ಪು ಜನರ ಮೇಲೆ ತಿರುಗಿತು. ಅನ್ಯಾಯದ ಕಾನೂನು ಅನ್ಯಾಯದ ಪ್ರತಿಭಟನೆಗೂ ದಾರಿ ಮಾಡಿಕೊಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ನೂರು ವರ್ಷಗಳ ನಂತರ ವಿಯೆಟ್ನಾಂ ಯುದ್ಧದಲ್ಲಿಯೂ ಅಮೆರಿಕ ಅದೇ ಎಡವಟ್ಟು ಮಾಡಿತು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಸೇವೆಯನ್ನು ಮುಂದೂಡುವ ಅವಕಾಶವಿತ್ತು. ಓದಲು ಹಣವಿಲ್ಲದವರು ಕಾಡಿಗೆ ಹೋಗಿ ಸತ್ತರು. 1969ರ ಡಿಸೆಂಬರಿನಲ್ಲಿ ಹುಟ್ಟಿದ ದಿನಾಂಕಗಳನ್ನು ಚೀಟಿ ಎತ್ತಿ ತರುಣರ ಸರದಿಯನ್ನು ಗೊತ್ತುಮಾಡುವ ಪದ್ಧತಿ ಬಂದಿತು. ಆ ವೇಳೆಗೆ ಜನರ ನಂಬಿಕೆ ಮುರಿದುಹೋಗಿತ್ತು. ಸಾವಿರಾರು ತರುಣರು ಕೆನಡಾಕ್ಕೆ ಓಡಿದರು. ಜಗತ್ಪ್ರಸಿದ್ಧ ಮುಷ್ಟಿಮಲ್ಲ ಮಹಮ್ಮದ್ ಅಲಿಯಂತೂ ಓಡಲಿಲ್ಲ. 1967ರಲ್ಲಿ ಅಧಿಕಾರಿಗಳ ಎದುರಿಗೇ ನಿಂತು 'ಬರಲಾರೆ' ಎಂದನು. ಅವನ ಪದವಿ ಹೋಯಿತು, ಶಿಕ್ಷೆಯಾಯಿತು. 1971ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ಕದ್ದು ತಪ್ಪಿಸಿಕೊಳ್ಳುವವನಿಗೂ, ಬೆಲೆ ತೆತ್ತು ಬಹಿರಂಗವಾಗಿ ನಿರಾಕರಿಸುವವನಿಗೂ ಬಹಳ ಅಂತರವಿದೆ. 1973ರಲ್ಲಿ ಅಮೆರಿಕ ಕಡ್ಡಾಯ ಭರ್ತಿಯನ್ನೇ ನಿಲ್ಲಿಸಿತು.

ಹಾಗಾದರೆ ಕಡ್ಡಾಯ ಸೇವೆ ಎಲ್ಲೆಡೆಯೂ ಸೋತಿದೆಯೆ? ಇಲ್ಲ. 1965ರಲ್ಲಿ ಸ್ವತಂತ್ರವಾದ ಪುಟ್ಟ ಸಿಂಗಪುರವು 1967ರಲ್ಲಿ ಅದನ್ನು ಜಾರಿಗೆ ತಂದು ಇಂದಿಗೂ ಉಳಿಸಿಕೊಂಡಿದೆ. ಸ್ವಿಟ್ಜರ್ಲೆಂಡಿನಲ್ಲಿ 2013ರಲ್ಲಿ ಕಡ್ಡಾಯವನ್ನು ರದ್ದು ಮಾಡಬೇಕೆ ಎಂದು ಜನರನ್ನೇ ಕೇಳಲಾಯಿತು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ 'ಬೇಡ, ಅದು ಇರಲಿ' ಎಂದರು. ಆಯುಧ ಹಿಡಿಯಲು ಅಂತಃಕರಣ ಒಪ್ಪದವರಿಗೆ ಅಲ್ಲಿ ಆಸ್ಪತ್ರೆ ಮುಂತಾದ ಕಡೆ ಸೇವೆ ಸಲ್ಲಿಸುವ ಏರ್ಪಾಡೂ ಇದೆ. ನಾರ್ವೆ ದೇಶವು 2015ರಿಂದ ಹೆಣ್ಣು ಗಂಡುಗಳಿಬ್ಬರಿಗೂ ಒಂದೇ ನಿಯಮ ಮಾಡಿದೆ. ಜನ ತಾವೇ ವಿಚಾರಮಾಡಿ ಹೊತ್ತ ಭಾರ ಭಾರವೆನಿಸುವುದಿಲ್ಲ.

ಕಡ್ಡಾಯ ಸೇವೆಯ ಪರವಾಗಿ ಹೇಳುವವರಲ್ಲಿಯೂ ತೂಕದ ಮಾತಿದೆ. ಎಲ್ಲ ಜಾತಿಯ, ಎಲ್ಲ ಭಾಷೆಯ ತರುಣರು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಡೇರೆಯಲ್ಲಿ ಮಲಗಿದರೆ ಭೇದಭಾವ ಕರಗುತ್ತದೆ ಎನ್ನುತ್ತಾರೆ. ಇನ್ನೊಂದು ವಾದ ಇದಕ್ಕಿಂತಲೂ ಬಲವಾದುದು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಕಡ್ಡಾಯವಿಲ್ಲದೆಯೇ ಸೈನ್ಯ ಸೇರಿದರು. ಆದರೆ ಅವರಲ್ಲಿ ಅನೇಕರನ್ನು ಕರೆದೊಯ್ದುದು ಹಸಿವು. ಇಂದಿಗೂ ಭರ್ತಿಯ ಸಾಲಿನಲ್ಲಿ ನಿಲ್ಲುವವರು ಹೆಚ್ಚಾಗಿ ರೈತರ, ಕೂಲಿಕಾರರ ಮಕ್ಕಳು. 'ಸ್ವಇಚ್ಛೆ ಎಂಬ ಮಾತಿನೊಳಗೆ ಬಡತನದ ಕಡ್ಡಾಯ ಅಡಗಿಲ್ಲವೆ? ಧನಿಕನ ಮಗನೂ ಗಡಿ ಕಾಯಬೇಕಲ್ಲವೆ?' ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆದರೆ ಬಡತನವೆಂಬ ಕಡ್ಡಾಯಕ್ಕೆ ಮದ್ದು ಬಡತನವನ್ನು ನೀಗುವುದು. ಇನ್ನೊಂದು ಕಡ್ಡಾಯವನ್ನು ಹೇರುವುದಲ್ಲ. ಅಲ್ಲದೆ ಸಿಂಗಪುರದಂಥ ಸಣ್ಣ ದೇಶಕ್ಕಿರುವ ಜನರ ಕೊರತೆ ಭಾರತಕ್ಕಿಲ್ಲ. 140 ಕೋಟಿಗೂ ಹೆಚ್ಚು ಜನರಿರುವ ಈ ದೇಶದಲ್ಲಿ ಭೂಸೈನ್ಯದ ಬಲ ಸುಮಾರು 12 ಲಕ್ಷ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷಗಳ ಸೇವೆಗೆ ಸೇರುವವರಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಮಂದಿಯನ್ನು ಮಾತ್ರ ಮುಂದುವರಿಸಲು ಗೊತ್ತುಮಾಡಲಾಯಿತು. ಆಗ ಕೆಲವು ರಾಜ್ಯಗಳಲ್ಲಿ ತರುಣರು ಬೀದಿಗಿಳಿದು ಪ್ರತಿಭಟಿಸಿದುದು ಸೈನ್ಯ ಬೇಡವೆಂದಲ್ಲ, ಸೈನ್ಯದಲ್ಲಿ ಹೆಚ್ಚು ಕಾಲ ಇರುವ ಅವಕಾಶ ತಪ್ಪುತ್ತದೆ ಎಂದು. ಬರುವವರೇ ಹೆಚ್ಚಾಗಿರುವಾಗ ಒಲ್ಲದವರನ್ನು ಎಳೆತರುವ ಅಗತ್ಯವೇನು? ಅಲ್ಲದೆ ಇಂದಿನ ಯುದ್ಧಕ್ಕೆ ತಲೆಯೆಣಿಕೆಗಿಂತ ನುರಿತ ಕೈಗಳು ಮುಖ್ಯ. ಆದುದರಿಂದ ಶಾಂತಿಯ ಕಾಲದಲ್ಲಿ ಭಾರತಕ್ಕೆ ಕಡ್ಡಾಯ ಸೈನಿಕ ಸೇವೆ ಬೇಕಿಲ್ಲ ಎಂಬುದೇ ಸರಿಯಾದ ಅಭಿಪ್ರಾಯ.

ದೇಶದ ಅಳಿವು ಉಳಿವಿನ ಪ್ರಶ್ನೆ ಎದ್ದರೆ ಏನು ಮಾಡುವುದು? ಅಂಥ ಸಂಕಟದಲ್ಲಿ ಕಡ್ಡಾಯವು ನ್ಯಾಯವಾಗಬಹುದು. ಆದರೆ ಅದಕ್ಕೆ ನಾಲ್ಕು ಕಟ್ಟುಗಳಿರಬೇಕು. ಜನರ ಪ್ರತಿನಿಧಿಗಳು ಸಂಸತ್ತಿನಲ್ಲಿ ಬಹಿರಂಗವಾಗಿ ಚರ್ಚಿಸಿ, ಕಾರಣವನ್ನೂ ಅವಧಿಯನ್ನೂ ದೇಶಕ್ಕೆ ತಿಳಿಸಿ ಅದನ್ನು ವಿಧಿಸಬೇಕು. ಹಣದಿಂದಾಗಲಿ ಪ್ರಭಾವದಿಂದಾಗಲಿ ಯಾರೂ ಅದರಿಂದ ಪಾರಾಗುವಂತಿರಬಾರದು. ಪ್ರಾಣ ತೆಗೆಯಲಾರೆ ಎನ್ನುವವನಿಗೆ ಗಾಯಾಳುಗಳನ್ನು ಹೊರುವಂಥ, ಅಷ್ಟೇ ಕಷ್ಟದ, ಆದರೆ ಆಯುಧವಿಲ್ಲದ ಸೇವೆಯ ದಾರಿ ತೆರೆದಿರಬೇಕು. ಕೊನೆಯದಾಗಿ, ದುಡಿಯುವ ಮಗನನ್ನು ಕಳುಹಿಸಿದ ಮನೆಯನ್ನು ದೇಶ ಸಾಕಬೇಕು. ಹಿಂದಿನವರು ನೆತ್ತರುಗೊಡಗೆ ಎಂದು ಕರೆದದ್ದನ್ನು ಇಂದಿನ ಸರ್ಕಾರ ಮರೆಯಬಾರದು. ಮಗ ಸತ್ತ ಮೇಲೆ ಮಾತ್ರವಲ್ಲ, ಬದುಕಿ ದುಡಿಯುತ್ತಿರುವಾಗಲೂ.

ಈ ನಾಲ್ಕೂ ಇದ್ದರೆ ಅರೇಹಳ್ಳಿಯ ಪ್ರಕಟಣೆಗೆ ಉತ್ತರ ಬೇರೆಯಾಗುತ್ತದೆ. ಕೂಲಿ ಲೈನಿನ ತಾಯಿ ಕಣ್ಣೀರಿಡುತ್ತಾಳೆ, ಆದರೆ ತಡೆಯುವುದಿಲ್ಲ. ಏಕೆಂದರೆ ತೋಟದ ಮನೆಯ ಮಗನೂ ಅದೇ ಬಸ್ಸು ಹತ್ತುವುದನ್ನು ಅವಳು ನೋಡುತ್ತಾಳೆ.

ಸಮಾನತೆ ಎಂದರೆ ಏನೆಂಬುದನ್ನು ಕೊಡಗಿನ ಜನರಲ್ ಕೆ. ಎಂ. ಕಾರ್ಯಪ್ಪನವರು ನಡೆದು ತೋರಿಸಿದರು. 1949ರಲ್ಲಿ ಭಾರತದ ಭೂಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರು. ಮುಂದೆ 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಪಡೆದರು. 1965ರ ಯುದ್ಧದಲ್ಲಿ ವಾಯುಸೈನ್ಯದಲ್ಲಿದ್ದ ಅವರ ಮಗನ ವಿಮಾನ ಉರುಳಿ, ಅವನು ಪಾಕಿಸ್ತಾನದ ಸೆರೆಯಾದನು. ಕಾರ್ಯಪ್ಪನವರ ಹಳೆಯ ಪರಿಚಯದವರಾದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಅವನ ವಿಷಯದಲ್ಲಿ ವಿಶೇಷ ಕಾಳಜಿ ತೋರಲು ಸಿದ್ಧರಿದ್ದರು. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗಾಗಿ ಬೇರೆ ಉಪಚಾರ ಬೇಡ ಎಂಬುದು ಕಾರ್ಯಪ್ಪನವರ ಉತ್ತರವಾಗಿತ್ತು. ಇಂಥವರು ಕರೆ ಕೊಟ್ಟರೆ ಜನ ಬರುತ್ತಾರೆ.

ಹದಿನೆಂಟು ತುಂಬಿದಾಗ ಈ ದೇಶದ ತರುಣ ತರುಣಿಯರಿಗೆ ಮತದ ಹಕ್ಕು ಬರುತ್ತದೆ. ಯುದ್ಧ ಬೇಕೆ ಬೇಡವೆ, ಯಾರು ಯಾವ ಭಾರ ಹೊರಬೇಕು ಎಂದು ತೀರ್ಮಾನಿಸುವವರನ್ನು ಆರಿಸುವ ಹೊಣೆ ಅಂದಿನಿಂದ ಅವರದು. ಕರೆಗೆ ಓಗೊಡುವ ಜನ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರುವ, ಕಚೇರಿಯಲ್ಲಿ ಬಡವನ ಅರ್ಜಿಗೂ ಉತ್ತರ ಸಿಗುವ, ಕೂಲಿಗೆ ತಕ್ಕ ಬೆಲೆ ದೊರೆಯುವ ಊರುಗಳಲ್ಲಿ ಅಂಥ ಜನ ಬೆಳೆಯುತ್ತಾರೆ. ತನ್ನವರೆಂದು ಎಲ್ಲರನ್ನೂ ನಡೆಸಿಕೊಂಡ ದೇಶವನ್ನು ಎಲ್ಲರೂ ತಮ್ಮದೆಂದು ಕಾಯುತ್ತಾರೆ.